ಡೊಂಕಿ ಅಂಗಡಿಯ ಡೊಂಕು ದಾರಿ: ಜಪಾನಿಗೆ ಹೋಗುವವರಿಗೂ, ಮನೆಯಲ್ಲಿ ಕೂತು ಪಟ್ಟಿ ಕಳಿಸುವವರಿಗೂ

ನಿಮ್ಮ ಮನೆಯಿಂದಲೋ ಪಕ್ಕದ ಬೀದಿಯಿಂದಲೋ ಯಾರಾದರೂ ಜಪಾನಿಗೆ ಹೊರಟಿದ್ದರೆ ಈ ಬರಹವನ್ನು ಅವರಿಗೆ ವಾಟ್ಸಾಪ್ ಮಾಡಿ. ಯಾರೂ ಹೊರಟಿಲ್ಲದಿದ್ದರೂ ಓದಿ. ಹೋದವರು ಬರುವಾಗ ಚೀಲದಲ್ಲಿ ಏನು ತರುತ್ತಾರೆ ಅಂತ ಕಾದು ಕೂರುವವರು ನಾವೇ ತಾನೆ?

ಜಪಾನ್ ನಮಗೀಗ ಅಷ್ಟೇನೂ ದೂರದ ಊರಲ್ಲ. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ನಡೆಯುತ್ತಿದೆ. ಅತ್ತ ಬಿಡದಿಯಲ್ಲಿ ಟೊಯೋಟಾ ಇದೆ. ಇಂಥ ಕಂಪನಿಗಳ ಕೆಲಸದ ಮೇಲೆ, ತರಬೇತಿಯ ಮೇಲೆ ಹೋಗಿ ಬಂದವರು ಈಗ ಹಳ್ಳಿಗಳಲ್ಲೂ ಸಿಗುತ್ತಾರೆ. 2024ರಲ್ಲಿ ಭಾರತದಿಂದ ಜಪಾನಿಗೆ ಹೋದವರ ಲೆಕ್ಕ 2.3 ಲಕ್ಷ ದಾಟಿತು. 2025ರ ಆಗಸ್ಟ್‌ನಲ್ಲಿ ಎರಡೂ ಸರ್ಕಾರ ಕೂತು, ಐದು ವರ್ಷದಲ್ಲಿ ಭಾರತದಿಂದ 50,000 ಕುಶಲ ಕೆಲಸಗಾರರನ್ನು ಜಪಾನಿಗೆ ಕಳಿಸುವ ಗುರಿ ಇಟ್ಟುಕೊಂಡಿವೆ. ಅಂದರೆ ಇನ್ನು ಮುಂದೆ ಹೋಗುವವರು ಹೆಚ್ಚುತ್ತಾರೆ. ಹೋದವರಲ್ಲಿ ಹೆಚ್ಚಿನವರು, ಪ್ರವಾಸಕ್ಕೆ ಹೋಗಿರಲಿ ಕೆಲಸಕ್ಕೆ ಹೋಗಿರಲಿ, ಒಂದು ರಾತ್ರಿಯಾದರೂ ಕಾಲಿಡುವ ಅಂಗಡಿ ಒಂದಿದೆ. ಅದರ ಹೆಸರು ಡೊನ್ ಕಿಹೋತೆ. ಜಪಾನಿನ ಜನ ಚಿಕ್ಕದಾಗಿ ಡೊಂಕಿ ಅನ್ನುತ್ತಾರೆ.

ನಾನು ಹೇಳಬೇಕಾದ ಮಾತು ಒಂದೇ. ಡೊಂಕಿ ಬರೀ ಅಗ್ಗದ ಮಾಲು ಮಾರುವ ಅಂಗಡಿಯಲ್ಲ. ಅದು ಮಾರುವುದು "ಅಬ್ಬಾ, ಸಿಕ್ಕಿತಲ್ಲ!" ಅನ್ನುವ ಖುಷಿಯನ್ನು. ಇದು ಗೊತ್ತಿದ್ದು ಹೋದವರಿಗೆ ಅದು ಒಳ್ಳೆಯ ಅಂಗಡಿ. ಗೊತ್ತಿಲ್ಲದೆ ಹೋದವರ ಕೈಯಲ್ಲಿ ಹಳದಿ ಚೀಲ ಉಳಿಯುತ್ತದೆ, ಜೇಬು ಖಾಲಿಯಾಗುತ್ತದೆ.

ಹೆಸರೂ ಡೊಂಕು, ದಾರಿಯೂ ಡೊಂಕು

ಡೊನ್ ಕಿಹೋತೆ ಅಂದರೆ ಸ್ಪೇನ್ ದೇಶದ ಹಳೆಯ ಕಾದಂಬರಿಯೊಂದರ ನಾಯಕ, ಗಾಳಿಯಂತ್ರಗಳನ್ನು ರಾಕ್ಷಸರೆಂದು ತಿಳಿದು ಯುದ್ಧಕ್ಕೆ ಹೋದವನು. ದೊಡ್ಡ ದೊಡ್ಡ ಅಂಗಡಿಗಳ ಪದ್ಧತಿಗೆ ಎದುರು ನಿಲ್ಲುತ್ತೇವೆ ಅಂತ ಈ ಹೆಸರಿಟ್ಟುಕೊಂಡರು. ನಮ್ಮ ಕಿವಿಗೆ ಮಾತ್ರ ಡೊಂಕಿ ಅಂದರೆ ಡೊಂಕು ಅಂತಲೇ ಕೇಳುತ್ತದೆ. ಒಳಗೆ ಹೋದರೆ ಹೆಸರು ಸರಿಯಾಗಿದೆ ಅನ್ನಿಸುತ್ತದೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜವಾಗಲೂ ಡೊಂಕು.

ಕಳೆದ ವರ್ಷ ಟೋಕಿಯೋದ ನಿಶಿಕಸಾಯಿಯಲ್ಲಿರುವ ಚಿಕ್ಕಪ್ಪನ ಮಗನ ಮನೆಗೆ ಒಂಬತ್ತು ದಿನ ಹೋಗಿದ್ದೆ. ಆಗ ಮೂರು ಡೊಂಕಿ ಅಂಗಡಿ ಸುತ್ತಿದೆ. ದೊಡ್ಡದು ಶಿಬುಯಾದ್ದು. 2017ರಲ್ಲಿ ಶುರುವಾದ ಅಂಗಡಿ. ನೆಲದಡಿ ಒಂದು ಅಂತಸ್ತು, ಮೇಲೆ ಆರು ಅಂತಸ್ತು, ಹಗಲೂ ರಾತ್ರಿ ತೆರೆದೇ ಇರುತ್ತದೆ. ಬಾಗಿಲಲ್ಲೇ ಕೆಂಪು ಟೋಪಿ ಹಾಕಿದ ನೀಲಿ ಪೆಂಗ್ವಿನ್ ಬೊಂಬೆ. ಅಂಗಡಿಯದೇ ಒಂದು ಹಾಡು ಮತ್ತೆ ಮತ್ತೆ ಮೊಳಗುತ್ತಿರುತ್ತದೆ. ಅದನ್ನು ಮಾಡಿದವರೂ ಆ ಕಂಪನಿಯ ನೌಕರರೇ. ಹೊರಗೆ ಬಂದು ಎರಡು ದಿನವಾದರೂ ಅದು ಕಿವಿಯಿಂದ ಇಳಿಯುವುದಿಲ್ಲ.

ಒಳಗೆ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ತಿರುಗಬೇಕು, ಅಷ್ಟು ಕಿರಿದು ದಾರಿ. ಎರಡೂ ಕಡೆ ನೆಲದಿಂದ ಚಾವಣಿವರೆಗೆ ಸಾಮಾನು. ಕೆಳಗೆ ನೂಡಲ್ಸ್, ಮೇಲೆ ಕಾಲುಚೀಲ, ಪಕ್ಕದಲ್ಲಿ ಮುಖಕ್ಕೆ ಹಾಕುವ ಕ್ರೀಮು, ತಿರುಗಿದರೆ ಗಾಜಿನ ಪೆಟ್ಟಿಗೆಯಲ್ಲಿ ಲಕ್ಷಾಂತರ ಯೆನ್‌ನ ಕೈಗಡಿಯಾರ. ನಾಯಿಗೆ ಹಾಕುವ ಅಂಗಿ, ಮಕ್ಕಳ ಆಟಿಕೆ, ಸೈಕಲ್ಲು, ಮದ್ಯ, ನೋವಿನ ಪಟ್ಟಿ, ಹಬ್ಬಕ್ಕೆ ಹಾಕುವ ವೇಷ, ಎಲ್ಲವೂ ಇದೆ. 18 ದಾಟಿದವರಿಗೆ ಮಾತ್ರ ಅಂತ ಪರದೆ ಬಿಟ್ಟ ಮೂಲೆಯೂ ಹಲವು ಅಂಗಡಿಗಳಲ್ಲಿ ಇರುತ್ತದೆ, ಮಕ್ಕಳನ್ನು ಕರೆದುಕೊಂಡು ಹೋಗುವವರು ನೋಡಿಕೊಳ್ಳಿ. ಬೆಲೆಯ ಚೀಟಿಗಳು ಕೈಬರಹದಲ್ಲಿ, ದಪ್ಪ ಬಣ್ಣದ ಅಕ್ಷರದಲ್ಲಿ, ನಮ್ಮ ಜಾತ್ರೆಯ ಬೋರ್ಡುಗಳ ಹಾಗೆ ಕೂಗುತ್ತಿರುತ್ತವೆ. ಸಾಲ್ಟ್ ಪ್ಯಾಕೆಟ್ ಎಲ್ಲಿದೆ ಅಂತ ಹುಡುಕಿಕೊಂಡು ಹೊರಟರೆ ನಾಲ್ಕು ಬೇರೆ ಸಾಮಾನು ಕೈಗೆ ಬಂದಿರುತ್ತದೆ. ಉಪ್ಪು ಮಾತ್ರ ಇನ್ನೂ ಸಿಕ್ಕಿರುವುದಿಲ್ಲ.

ಇದು ಅವ್ಯವಸ್ಥೆ ಅಂದುಕೊಂಡರೆ ಮೋಸ ಹೋದಿರಿ. ಇದೆಲ್ಲ ಬೇಕೆಂದೇ ಮಾಡಿದ್ದು. ಅವರೇ ಇದಕ್ಕೆ ಒತ್ತಿ ಜೋಡಿಸುವ ಪದ್ಧತಿ ಅಂತ ಹೆಸರಿಟ್ಟಿದ್ದಾರೆ.

ಒಂದು ಸಣ್ಣ ಅಂಗಡಿಯಿಂದ ಬಂದ ಬುದ್ಧಿ

ಈ ಪದ್ಧತಿ ದೊಡ್ಡ ಕಂಪನಿಯ ಎಸಿ ಕೋಣೆಯಲ್ಲಿ ಹುಟ್ಟಿದ್ದಲ್ಲ. ನಮ್ಮ ಕಿರಾಣಿ ಅಂಗಡಿಯಷ್ಟೇ ದೊಡ್ಡದಿದ್ದ ಜಾಗದಲ್ಲಿ ಹುಟ್ಟಿದ್ದು. ಯಾಸುದಾ ತಕಾವೊ ಅನ್ನುವವರು 1978ರಲ್ಲಿ ಟೋಕಿಯೋದಲ್ಲಿ ಒಂದು ಅಂಗಡಿ ತೆರೆದರು. ವಿಸ್ತಾರ ಸುಮಾರು 60 ಚದರ ಮೀಟರ್. ಹೆಸರು ಏನಿಟ್ಟರು ಗೊತ್ತಾ? "ಕಳ್ಳರ ಸಂತೆ"! ಕದ್ದ ಮಾಲಲ್ಲ, ಅಷ್ಟು ಅಗ್ಗ ಅನ್ನುವುದಕ್ಕೆ ಆ ಹೆಸರು. ಸಗಟು ವ್ಯಾಪಾರಿಗಳ ಹತ್ತಿರ ಉಳಿದುಹೋದ ಮಾಲು, ಕಂಪನಿ ತಯಾರಿಸುವುದನ್ನು ನಿಲ್ಲಿಸಿದ ಮಾಲು, ಡಬ್ಬ ಜಜ್ಜಿದ ಮಾಲು, ಇಂಥವನ್ನು ಕೊಂಡು ತಂದು ಮಾರುತ್ತಿದ್ದರು.

ಗೋದಾಮು ಇರಲಿಲ್ಲ. ಹಾಗಾಗಿ ಬಂದ ಮಾಲನ್ನೆಲ್ಲ ಅಂಗಡಿಯಲ್ಲೇ ಚಾವಣಿವರೆಗೆ ತುಂಬಿದರು. ತುಂಬಿದ ಮೇಲೆ ಯಾವ ಪೆಟ್ಟಿಗೆಯಲ್ಲಿ ಏನಿದೆ ಅಂತ ಗಿರಾಕಿಗೆ ಗೊತ್ತಾಗಬೇಕಲ್ಲ, ಅದಕ್ಕೆ ಕೈಯಲ್ಲೇ ಚೀಟಿ ಬರೆದು ಅಂಟಿಸಿದರು. ಕೆಲಸಕ್ಕೆ ಆಳಿರಲಿಲ್ಲ. ರಾತ್ರಿ ದೀಪ ಹಾಕಿಕೊಂಡು ಒಬ್ಬರೇ ಕೂತು ಬೆಲೆ ಅಂಟಿಸುತ್ತಿದ್ದಾಗ ದಾರಿಯಲ್ಲಿ ಹೋಗುವವರು ಅಂಗಡಿ ತೆರೆದಿದೆ ಅಂದುಕೊಂಡು ಒಳಗೆ ಬಂದರು. ರಾತ್ರಿಯೂ ವ್ಯಾಪಾರ ಇದೆ ಅಂತ ಗೊತ್ತಾಗಿದ್ದು ಹಾಗೆ. ಇಂದು ಡೊಂಕಿಯಲ್ಲಿ ನಾವು ನೋಡುವ ಮೂರೂ ಗುಣ, ಅಂದರೆ ಒತ್ತಿ ತುಂಬುವುದು, ಕೈಬರಹದ ಚೀಟಿ, ರಾತ್ರಿ ವ್ಯಾಪಾರ, ಜಾಗವೂ ಆಳೂ ದುಡ್ಡೂ ಇಲ್ಲದವನ ಕಷ್ಟದಿಂದ ಬಂದಿದ್ದು.

ಡೊನ್ ಕಿಹೋತೆ ಹೆಸರಿನ ಮೊದಲ ಅಂಗಡಿ ತೆರೆದಿದ್ದು 1989ರಲ್ಲಿ, ಟೋಕಿಯೋದ ಫುಚುವಿನಲ್ಲಿ. ಇವತ್ತು ಆ ಕಂಪನಿಯ ಕೈಕೆಳಗೆ ದೇಶ ವಿದೇಶ ಸೇರಿ 700ಕ್ಕೂ ಹೆಚ್ಚು ಅಂಗಡಿಗಳಿವೆ. 2024ರ ಜೂನ್‌ಗೆ ಮುಗಿದ ವರ್ಷದಲ್ಲಿ ಅದರ ವ್ಯಾಪಾರ 2 ಲಕ್ಷ ಕೋಟಿ ಯೆನ್ ದಾಟಿತು. ಸಿಂಗಪುರ, ಬ್ಯಾಂಕಾಕ್, ಹಾಂಗ್‌ಕಾಂಗ್‌ಗಳಲ್ಲೂ ಡೊಂಕಿ ಇದೆ.

ಸಂತೆಗೂ ಡೊಂಕಿಗೂ ಇರುವ ಒಂದು ವ್ಯತ್ಯಾಸ

ನಮ್ಮವರಿಗೆ ಡೊಂಕಿ ಕೂಡಲೇ ಹಿಡಿಸುತ್ತದೆ. ಮಾಲ್‌ಗಳ ಹಾಗೆ ಅಲ್ಲಿ ಹೆದರಿಕೆ ಆಗುವುದಿಲ್ಲ. ನೂಕುನುಗ್ಗಲು, ಕೂಗು, ಬಣ್ಣ, ಎಲ್ಲ ನಮ್ಮ ವಾರದ ಸಂತೆಯದೇ. ಆದರೆ ಒಂದು ವ್ಯತ್ಯಾಸವಿದೆ, ದುಡ್ಡು ಹೋಗುವುದೂ ಅಲ್ಲೇ.

ಸಂತೆಯಲ್ಲಿ ನಮ್ಮೆದುರು ಒಬ್ಬ ಮನುಷ್ಯ ಇರುತ್ತಾನೆ. ಚೌಕಾಸಿ ಮಾಡುತ್ತೇವೆ. "ಏನಣ್ಣಾ, ಹೋದ ವಾರ ಇಪ್ಪತ್ತಕ್ಕೆ ಕೊಟ್ಟೆಯಲ್ಲ" ಅಂತ ಕೇಳುತ್ತೇವೆ. ಅಷ್ಟು ಹೊತ್ತಿನಲ್ಲಿ ನಮಗೇ ಬೇಕೋ ಬೇಡವೋ ಅಂತ ಯೋಚನೆ ಬರುತ್ತದೆ. ಚೌಕಾಸಿ ಅಂದರೆ ಬೆಲೆ ಇಳಿಸುವುದಷ್ಟೇ ಅಲ್ಲ, ಅದು ನಮ್ಮ ಕೈಯನ್ನು ಸ್ವಲ್ಪ ಹೊತ್ತು ತಡೆದು ಹಿಡಿಯುವ ಬ್ರೇಕು. ಡೊಂಕಿಯಲ್ಲಿ ಚೌಕಾಸಿ ಇಲ್ಲ. ಕೂಗುವುದು ಚೀಟಿ, ಉತ್ತರ ಕೊಡುವುದು ನಮ್ಮ ಕೈ. ಹುಡುಕಿ ಹುಡುಕಿ ಸಿಕ್ಕಿದ್ದರಿಂದ, ಇದನ್ನು ಬಿಟ್ಟರೆ ಮತ್ತೆ ಈ ಮೂಲೆ ಸಿಗುವುದಿಲ್ಲ ಅನ್ನುವ ಆತುರ ಬೇರೆ. ಬ್ರೇಕಿಲ್ಲದ ಸಂತೆ ಅದು.

ಹಾಗಾದರೆ ಅಲ್ಲಿ ನಿಜವಾಗಲೂ ಅಗ್ಗವೇ? ಕೆಲವು ಅಗ್ಗ, ಕೆಲವು ಅಲ್ಲ. ಡೊಂಕಿಯ ಒಂದು ಅಂಗಡಿಯಲ್ಲಿದ್ದ ಬೆಲೆ ಇನ್ನೊಂದರಲ್ಲಿ ಇರಬೇಕೆಂದಿಲ್ಲ. ಪ್ರವಾಸಿಗರು ತುಂಬುವ ಬೀದಿಯ ಅಂಗಡಿಗೂ ಮನೆಗಳಿರುವ ಬಡಾವಣೆಯ ಅಂಗಡಿಗೂ ಬೆಲೆ ಬೇರೆ ಇರಬಹುದು. ಪಕ್ಕದ ಔಷಧಿ ಅಂಗಡಿಯಲ್ಲಿ ಅದೇ ಕ್ರೀಮು, ಅದೇ ಕಣ್ಣಿನ ಹನಿ ಇನ್ನೂ ಕಡಿಮೆಗೆ ಸಿಗುವುದುಂಟು. ಉಗುರು ಕತ್ತರಿ, ಡಬ್ಬ, ಪೆನ್ನಿನಂಥ ಸಣ್ಣ ಸಾಮಾನಿಗೆ ಅಲ್ಲಿ ನೂರು ಯೆನ್ ಅಂಗಡಿಗಳೇ ಬೇರೆ ಇವೆ. ಬೆಲೆಯ ಚೀಟಿಯಲ್ಲಿ ಎರಡು ಅಂಕಿ ಇದ್ದರೆ ದೊಡ್ಡದಾಗಿ ಬರೆದದ್ದು ತೆರಿಗೆ ಬಿಟ್ಟ ಬೆಲೆಯೋ ತೆರಿಗೆ ಸೇರಿದ ಬೆಲೆಯೋ ಅಂತ ನೋಡಿ. ಬಿಟ್ಟದ್ದಕ್ಕೆ ಝೇನುಕಿ, ಸೇರಿದ್ದಕ್ಕೆ ಝೇಕೋಮಿ ಅನ್ನುತ್ತಾರೆ. ಆಹಾರಕ್ಕೆ ತೆರಿಗೆ ನೂರಕ್ಕೆ 8, ಮದ್ಯಕ್ಕೂ ಉಳಿದ ಸಾಮಾನಿಗೂ ನೂರಕ್ಕೆ 10.

ಈಗ ಲೆಕ್ಕಕ್ಕೆ ಬರೋಣ. ಈಚಿನ ವರ್ಷಗಳಲ್ಲಿ 100 ಯೆನ್ ಅಂದರೆ ಹೆಚ್ಚುಕಮ್ಮಿ 55ರಿಂದ 60 ರೂಪಾಯಿ. ನಮ್ಮವರು ಅಂಗಡಿಯಲ್ಲಿ ನಿಂತು ಮನಸ್ಸಿನಲ್ಲೇ "ಅರ್ಧ ಮಾಡು" ಅಂತ ಲೆಕ್ಕ ಹಾಕುತ್ತಾರೆ. 1,000 ಯೆನ್ ಅಂದರೆ 500 ರೂಪಾಯಿ, ಪರವಾಗಿಲ್ಲ ಅನ್ನುತ್ತಾರೆ. ಹಾಗೆ ಹತ್ತು ಸಲ ಪರವಾಗಿಲ್ಲ ಅಂದರೆ ಬಿಲ್ಲು ಆರು ಸಾವಿರದ ಹತ್ತಿರ ಬಂದಿರುತ್ತದೆ.

ನಾನು ಹೇಳುವುದು, ರೂಪಾಯಿಗೆ ಬದಲಾಯಿಸಬೇಡಿ, ದುಡಿಮೆಗೆ ಬದಲಾಯಿಸಿ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 1,000 ಯೆನ್‌ನ ಒಂದು ಚಾಕೊಲೇಟ್ ಪೊಟ್ಟಣ ಅಂದರೆ ಒಂದೂವರೆ ದಿನ ಗುದ್ದಲಿ ಹಿಡಿದ ಕೂಲಿ. ಅಲ್ಲೇ ಕೆಲಸ ಮಾಡುವ ನಮ್ಮ ಹುಡುಗರಿಗೆ ಲೆಕ್ಕ ಬೇರೆ. ಜಪಾನಿನಲ್ಲಿ 2025ರಲ್ಲಿ ನಿಗದಿಯಾದ ಕನಿಷ್ಠ ಕೂಲಿ ದೇಶದ ಸರಾಸರಿಯಲ್ಲಿ ಗಂಟೆಗೆ 1,121 ಯೆನ್. 3,000 ಯೆನ್‌ನ ಸಾಮಾನು ಅಂದರೆ ಎರಡೂ ಮುಕ್ಕಾಲು ಗಂಟೆ ಯಂತ್ರದ ಮುಂದೆ ನಿಂತ ಕೂಲಿ. ಚೀಟಿ ಎಷ್ಟೇ ಕೂಗಲಿ, ಈ ಲೆಕ್ಕ ಹಾಕಿದರೆ ಕೈ ತಾನಾಗಿ ನಿಧಾನವಾಗುತ್ತದೆ. ಸಂತೆಯ ಚೌಕಾಸಿಯ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಿ.

ತೆರಿಗೆ ಉಳಿಸುವ ಆಸೆ

ಪ್ರವಾಸಿಗರನ್ನು ಅಲ್ಲಿ ಹೆಚ್ಚು ಎಳೆಯುವುದು ತೆರಿಗೆ ಇಲ್ಲದ ಖರೀದಿ. ಪ್ರವಾಸಿ ವೀಸಾದಲ್ಲಿ ಹೋದವರು ಒಂದೇ ಅಂಗಡಿಯಲ್ಲಿ ಒಂದೇ ದಿನ, ತೆರಿಗೆ ಬಿಟ್ಟು 5,000 ಯೆನ್‌ಗೆ ಕೊಂಡರೆ ಪಾಸ್‌ಪೋರ್ಟ್ ತೋರಿಸಿ ತೆರಿಗೆ ಕೊಡದೆ ಬರಬಹುದು. ಒಳ್ಳೆಯದೇ. ಆದರೆ ಅದರಲ್ಲಿ ಒಂದು ಬಲೆ ಇದೆ.

ಒಬ್ಬರ ಬುಟ್ಟಿಯಲ್ಲಿ 3,600 ಯೆನ್ ಸಾಮಾನು ಇದೆ ಅಂದುಕೊಳ್ಳಿ. ನೂರಕ್ಕೆ ಹತ್ತರ ತೆರಿಗೆ ಸೇರಿದರೆ 3,960 ಆಗುತ್ತದೆ. "ಇನ್ನು 1,400ಕ್ಕೆ ಕೊಂಡರೆ ತೆರಿಗೆಯೇ ಇಲ್ಲ" ಅಂತ ಇನ್ನೆರಡು ಸಾಮಾನು ಹುಡುಕಿ ಹಾಕುತ್ತಾರೆ. ಬಿಲ್ಲು 5,000. ಉಳಿಸುವುದಕ್ಕೆ ಹೋಗಿ 1,040 ಯೆನ್ ಹೆಚ್ಚು ಕೊಟ್ಟು ಬಂದಂತಾಯಿತು. ತೆರಿಗೆ ಕೌಂಟರಿನ ಮುಂದಿನ ಉದ್ದ ಸಾಲಿನಲ್ಲಿ ನಿಂತು, ಕೊನೇ ನಿಮಿಷದಲ್ಲಿ ಪಕ್ಕದ ಕಪಾಟಿನಿಂದ ಏನೇನೋ ಎಳೆದು ಬುಟ್ಟಿಗೆ ಹಾಕುವವರನ್ನು ನಾನೇ ನೋಡಿದೆ. ಅಗ್ಗ ಅಂತ ಮುಗ್ಗಲು ಜೋಳ ತಂದರು ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ.

ಇನ್ನೊಂದು ಮುಖ್ಯ ವಿಷಯ. ಈ ಸವಲತ್ತು ಪ್ರವಾಸಿಗರಿಗೆ. ಕೆಲಸದ ವೀಸಾದಲ್ಲಿ, ತರಬೇತಿ ಕಾರ್ಮಿಕರ ವೀಸಾದಲ್ಲಿ ಅಲ್ಲಿ ವಾಸ ಮಾಡುವವರಿಗೆ ಇಲ್ಲ. ಅಣ್ಣ ಜಪಾನಿನಲ್ಲಿದ್ದಾನೆ, ತೆರಿಗೆ ಇಲ್ಲದೆ ತರುತ್ತಾನೆ ಅಂತ ಮನೆಯಲ್ಲಿ ಲೆಕ್ಕ ಹಾಕಬೇಡಿ. ತಿನಿಸು, ಕ್ರೀಮು, ಔಷಧಿಗಳನ್ನು ತೆರಿಗೆ ಇಲ್ಲದೆ ಕೊಂಡರೆ ಮುಚ್ಚಿದ ಚೀಲದಲ್ಲಿ ಕೊಡುತ್ತಾರೆ, ಅದನ್ನು ಜಪಾನಿನಲ್ಲಿ ಇರುವಷ್ಟು ದಿನ ಬಿಚ್ಚುವಂತಿಲ್ಲ. 2026ರ ನವೆಂಬರ್ 1ರಿಂದ ಈ ಕ್ರಮವೇ ಬದಲಾಗುವಂತೆ ಕಾನೂನು ಆಗಿದೆ. ಹೊಸ ಕ್ರಮದಲ್ಲಿ ಅಂಗಡಿಯಲ್ಲಿ ತೆರಿಗೆ ಸೇರಿಸಿಯೇ ದುಡ್ಡು ಕೊಡಬೇಕು, ದೇಶ ಬಿಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಖಾತ್ರಿಯಾದ ಮೇಲೆ ತೆರಿಗೆ ವಾಪಸ್. ಹೊರಡುವ ಮುಂಚೆ ನೀವು ಹೋಗುವ ದಿನಕ್ಕೆ ಯಾವ ಕ್ರಮ ನಡೆಯುತ್ತದೆ ಅಂತ ನೋಡಿಕೊಳ್ಳಿ. ಕೈಯಲ್ಲಿರುವ ದುಡ್ಡನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಬೇಕಾಗುತ್ತದೆ.

ತಂದ ಮೇಲೆ ಕೆಲಸಕ್ಕೆ ಬಾರದ ಸಾಮಾನು

ಕೊಳ್ಳುವ ಮುಂಚೆ ನೋಡಬೇಕಾದ್ದು ಎರಡು. ಒಂದು ಕರೆಂಟು, ಎರಡು ಊಟ.

ಜಪಾನಿನ ಮನೆಗಳಲ್ಲಿ ಕರೆಂಟು 100 ವೋಲ್ಟ್. ನಮ್ಮಲ್ಲಿ 230. ಅಲ್ಲಿಯ ಅನ್ನ ಮಾಡುವ ಕುಕ್ಕರು ಚೆಂದ, ಅಮ್ಮನಿಗೆ ಒಯ್ಯೋಣ ಅಂತ ಬಹಳ ಜನರಿಗೆ ಆಸೆ. ಜಪಾನಿನವರಿಗೆಂದೇ ಮಾಡಿದ ಕುಕ್ಕರನ್ನು ತಂದು ನಮ್ಮ ಸ್ವಿಚ್ಚಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ತಪ್ಪು ಕುಕ್ಕರಿನದಲ್ಲ, ವೋಲ್ಟಿನದು. ಅದನ್ನು ಬಳಸಬೇಕಾದರೆ ವೋಲ್ಟು ಇಳಿಸುವ ಭಾರದ ಟ್ರಾನ್ಸ್‌ಫಾರ್ಮರ್ ಬೇರೆ ಬೇಕು. ಕೂದಲು ಒಣಗಿಸುವ ಯಂತ್ರ, ಇಸ್ತ್ರಿ ಪೆಟ್ಟಿಗೆಗೂ ಇದೇ ಮಾತು. ಯಂತ್ರದ ಹಿಂಭಾಗ ತಿರುಗಿಸಿ ನೋಡಿ. 100-240 ವೋಲ್ಟ್ ಅಂತ ಬರೆದಿದ್ದರೆ ತನ್ನಿ. ಬರೀ 100 ಅಂತ ಇದ್ದರೆ ಎಷ್ಟೇ ಅಗ್ಗವಾಗಲಿ ಅಲ್ಲೇ ಇಟ್ಟು ಬನ್ನಿ.

ಊಟದ ವಿಷಯ ಇನ್ನೂ ಸೂಕ್ಷ್ಮ. ನಮ್ಮ ದೇಶದ ಪೊಟ್ಟಣಗಳ ಮೇಲೆ ಹಸಿರು ಚುಕ್ಕಿ ಇರುತ್ತದೆ, ನೋಡಿದ ಕೂಡಲೇ ಸಸ್ಯಾಹಾರ ಅಂತ ಗೊತ್ತಾಗುತ್ತದೆ. ಜಪಾನಿನಲ್ಲಿ ಅಂಥ ಗುರುತು ಕಡ್ಡಾಯವಿಲ್ಲ. ಆಲೂಗಡ್ಡೆ ಚಿಪ್ಸ್ ಅಂದುಕೊಂಡದ್ದರಲ್ಲಿ ಕೋಳಿಯ ಸಾರ, ನೂಡಲ್ಸ್‌ನಲ್ಲಿ ಹಂದಿಯ ಸಾರ, ಬರೀ ಅಕ್ಕಿ ಹಪ್ಪಳದಲ್ಲೂ ಒಣಮೀನಿನ ಪುಡಿ ಇರಬಹುದು. ಮೆತ್ತಗಿನ ಮಿಠಾಯಿಗಳಲ್ಲಿ ಪ್ರಾಣಿಯಿಂದ ತೆಗೆದ ಜೆಲಾಟಿನ್ ಇರುವುದು ಸಾಮಾನ್ಯ. ಮೊಟ್ಟೆ, ಹಾಲು, ಗೋಧಿ, ಕಡಲೆಕಾಯಿ, ಸೀಗಡಿ, ಏಡಿ ಇಂಥವನ್ನು ಅಲರ್ಜಿಯ ಕಾರಣಕ್ಕೆ ಬರೆಯಲೇಬೇಕು ಅಂತ ಅಲ್ಲಿ ಕಾನೂನಿದೆ. ದನ, ಹಂದಿ, ಕೋಳಿ ಆ ಕಡ್ಡಾಯದ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಅಲರ್ಜಿಯ ಪಟ್ಟಿ ನೋಡಿದರೆ ಸಾಲದು, ಹಿಂದೆ ಸಣ್ಣಕ್ಷರದಲ್ಲಿರುವ ಪೂರ್ತಿ ಸಾಮಗ್ರಿ ಪಟ್ಟಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ಹಿಡಿದು ಅನುವಾದ ಮಾಡಿ ನೋಡಬೇಕು. ನೀವು ತಿನ್ನುವವರೇ ಆಗಿರಬಹುದು. ಆದರೆ ಆ ಪೊಟ್ಟಣವನ್ನು ಊರಿಗೆ ತಂದು ಬೀದಿಗೆಲ್ಲ ಹಂಚುತ್ತೀರಿ. ಏಕಾದಶಿ ಮಾಡುವ ಅಜ್ಜಿಯ ಕೈಗೂ ಅದು ಹೋಗುತ್ತದೆ. ಅವರಿಗೆ ಗೊತ್ತಿಲ್ಲದೆ ತಿನ್ನಿಸುವ ಹಕ್ಕು ನಮಗಿಲ್ಲ.

ಅದು ಮೊದಲು ಅಲ್ಲಿಯವರ ಅಂಗಡಿ

ನಾವು ಪ್ರವಾಸಿಗರು ಮರೆಯುವುದು ಇದನ್ನು. ಡೊಂಕಿ ನಮಗಾಗಿ ಕಟ್ಟಿದ ಮೇಳವಲ್ಲ. ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಮನೆಗೆ ಹೋಗುವ ಜಪಾನಿನ ಕೂಲಿಯವರು, ಒಂಟಿಯಾಗಿರುವ ವಿದ್ಯಾರ್ಥಿಗಳು, ಮಕ್ಕಳೊಂದಿಗರು ಅಲ್ಲೇ ಸೋಪು, ಹಾಲು, ಅಕ್ಕಿ ಕೊಳ್ಳುತ್ತಾರೆ. 2012ರಲ್ಲಿ ಒಂದು ಡಾಲರಿಗೆ ಸುಮಾರು 80 ಯೆನ್ ಇತ್ತು. 2024ರ ನಡುವಿನಲ್ಲಿ 160 ದಾಟಿತು. ಯೆನ್ ಬಿದ್ದಷ್ಟೂ ಹೊರಗಿಂದ ಹೋದ ನಮಗೆ ಎಲ್ಲ ಅಗ್ಗ. ಯೆನ್‌ನಲ್ಲೇ ಸಂಬಳ ತೆಗೆದುಕೊಳ್ಳುವವರಿಗೆ ಹೊರಗಿಂದ ಬರುವ ಎಣ್ಣೆ, ಗೋಧಿ, ಪೆಟ್ರೋಲು ಎಲ್ಲ ದುಬಾರಿ. ನಮ್ಮ ಅಗ್ಗ ಅವರ ದುಬಾರಿಯ ಇನ್ನೊಂದು ಮುಖ.

ಅಕ್ಕಿಯ ಕತೆ ಕೇಳಿ. 2025ರ ಬೇಸಿಗೆಯ ಮುಂಚೆ ಜಪಾನಿನಲ್ಲಿ 5 ಕೆಜಿ ಅಕ್ಕಿ 4,000 ಯೆನ್ ದಾಟಿತು, ಹಿಂದಿನ ವರ್ಷಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು. ಸರ್ಕಾರ ತನ್ನ ಗೋದಾಮಿನಲ್ಲಿ ಇಟ್ಟಿದ್ದ ಹಳೆಯ ಅಕ್ಕಿಯನ್ನು ಬಿಡುಗಡೆ ಮಾಡಿ 5 ಕೆಜಿಗೆ ಸುಮಾರು 2,000 ಯೆನ್‌ಗೆ ಸಿಗುವಂತೆ ಮಾಡಿತು. ಆ ಅಕ್ಕಿ ಮಾರಿದ ಅಂಗಡಿಗಳಲ್ಲಿ ಡೊಂಕಿಯೂ ಒಂದು. ಜನ ಸಾಲು ನಿಂತು ಕೊಂಡರು. ರೈತನಿಗೂ ಅಂಗಡಿಗೂ ನಡುವೆ ಸಗಟು ವ್ಯಾಪಾರಿಗಳ ಹಂತದ ಮೇಲೆ ಹಂತ ಇರುವುದರಿಂದಲೇ ಬೆಲೆ ಏರುತ್ತಿದೆ ಅಂತ ಅದೇ ಮೇ ತಿಂಗಳಲ್ಲಿ ಡೊಂಕಿಯ ಕಂಪನಿ ಕೃಷಿ ಸಚಿವ ಶಿಂಜಿರೊ ಕೊಯಿಜುಮಿ ಅವರಿಗೆ ಪತ್ರ ಕೊಟ್ಟಿತು. ಕೋಲಾರದ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಇಳಿಸಿದ ಯಾವ ರೈತನಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ಅಂಗಡಿಯ ಕಿರಿದಾದ ದಾರಿಯಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಅಡ್ಡ ಇಟ್ಟು, ನಡುವೆ ನಿಂತು ಊರಿಗೆ ವಿಡಿಯೋ ಕಾಲ್ ಮಾಡುತ್ತಾ "ಇದು ಬೇಕಾ, ಅದು ಬೇಕಾ" ಅಂತ ಕೇಳುವುದು ಸರಿಯಲ್ಲ. ಸೂಟ್‌ಕೇಸನ್ನು ರೂಮಿನಲ್ಲಿ ಬಿಟ್ಟು ಹೋಗಿ, ಇಲ್ಲವೇ ರೈಲು ನಿಲ್ದಾಣದ ಲಾಕರಿನಲ್ಲಿಡಿ. ರಾತ್ರಿ ಊಟವಾದ ಮೇಲೆ ಪ್ರವಾಸಿಗರೆಲ್ಲ ಒಟ್ಟಿಗೆ ನುಗ್ಗುತ್ತಾರೆ. ಬೆಳಿಗ್ಗೆ ಹೋದರೆ ನೂಕುನುಗ್ಗಲು ಕಡಿಮೆ, ಓದಿ ನೋಡಿ ಕೊಳ್ಳಬಹುದು.

ಬಾಗಿಲು ಎಲ್ಲಿದೆ ನೋಡಿಕೊಳ್ಳಿ

ಇದನ್ನು ಹೇಳದೆ ಬಿಟ್ಟರೆ ಡೊಂಕಿಯ ಕತೆ ಅರ್ಧವಾಗುತ್ತದೆ. 2004ರ ಡಿಸೆಂಬರ್ 13ರ ರಾತ್ರಿ ಸೈತಾಮಾ ನಗರದ ಉರಾವಾದಲ್ಲಿದ್ದ ಡೊಂಕಿ ಅಂಗಡಿಗೆ ಯಾರೋ ಬೇಕೆಂದೇ ಬೆಂಕಿ ಹಚ್ಚಿದರು. ಮೂವರು ಸತ್ತರು. ಮೂವರೂ ಅಂಗಡಿಯ ಕೆಲಸಗಾರರು. ಬೆಂಕಿ ಹಚ್ಚಿದವರಿಗೆ ಶಿಕ್ಷೆ ಆಯಿತು. ಆದರೆ ಚಾವಣಿವರೆಗೆ ಮಾಲು ಒತ್ತಿ ತುಂಬುವ, ದಾರಿಯನ್ನು ಡೊಂಕು ಮಾಡುವ ಆ ಪದ್ಧತಿಯೂ ಜನರ ಪ್ರಶ್ನೆಗೆ ಗುರಿಯಾಯಿತು. ನಮಗೆ ಖುಷಿ ಕೊಡುವ ಅದೇ ಇಕ್ಕಟ್ಟಿನಲ್ಲಿ ಹೊಗೆ ತುಂಬಿದಾಗ ಬಾಗಿಲು ಹುಡುಕಬೇಕಾದವರು ಆ ಹುಡುಗರು.

ಇದನ್ನು ಹೆದರಿಸಲು ಬರೆಯುತ್ತಿಲ್ಲ. ಯಾವ ಇಕ್ಕಟ್ಟಿನ ಅಂಗಡಿಗೆ ಹೋದರೂ, ಅದು ಶಿಬುಯಾ ಆಗಲಿ ಬೆಂಗಳೂರಿನ ಚಿಕ್ಕಪೇಟೆ ಆಗಲಿ, ಒಳಗೆ ಹೋಗುವಾಗ ಹೊರಗೆ ಬರುವ ಬಾಗಿಲು ಯಾವುದು ಅಂತ ಒಮ್ಮೆ ನೋಡಿಕೊಳ್ಳಿ. ಜಪಾನಿನಲ್ಲಿ ಹಸಿರು ದೀಪದಲ್ಲಿ ಓಡುವ ಮನುಷ್ಯನ ಚಿತ್ರ ಇರುತ್ತದೆ, ಅದೇ ಗುರುತು. ಒಂದು ನಿಮಿಷದ ಕೆಲಸ. ಅಗ್ಗದ ಬೆಲೆಯಲ್ಲಿ ಯಾರ ಜೀವದ ದಾರಿಯೂ ಸೇರಿರಬಾರದು ಅಂತ ಕೇಳುವ ಹಕ್ಕು ಗಿರಾಕಿಗೂ ಇದೆ.

ನನಗೆ ಹಿಡಿಸಿದ ಒಂದು ವಿಷಯ

ಇಷ್ಟೆಲ್ಲ ಹೇಳಿಯೂ ಡೊಂಕಿಯನ್ನು ನಾನು ಬೈಯುವುದಿಲ್ಲ. ಅದಕ್ಕೆ ಕಾರಣವಿದೆ. ಯಾಸುದಾ ತಮ್ಮ ಕೆಲಸಗಾರರಿಗೆ ಮಾಲು ಒತ್ತಿ ಜೋಡಿಸುವುದನ್ನು ಕಲಿಸಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲವಂತೆ. ಎಲ್ಲರೂ ಬೇರೆ ಅಂಗಡಿಗಳ ಹಾಗೆ ನೀಟಾಗಿ ಇಡುತ್ತಿದ್ದರು. ಕೊನೆಗೆ ಅವರು ಕಲಿಸುವುದನ್ನೇ ಬಿಟ್ಟರು. ಕೆಲಸಗಾರರಿಗೆ ಒಂದೊಂದು ವಿಭಾಗ ವಹಿಸಿ, ಏನು ಕೊಳ್ಳಬೇಕು, ಎಲ್ಲಿ ಇಡಬೇಕು, ಎಷ್ಟಕ್ಕೆ ಮಾರಬೇಕು ಎಲ್ಲ ನೀವೇ ನೋಡಿ ಅಂದುಬಿಟ್ಟರು. ಡೊಂಕಿ ಬೆಳೆದದ್ದು ಆಮೇಲೆ. ಇವತ್ತಿಗೂ ಒಂದೊಂದು ಅಂಗಡಿಯ ಬೆಲೆ ಬೇರೆ ಬೇರೆ ಇರುವುದು, ಚೀಟಿಯ ಮಾತು ಬೇರೆ ಬೇರೆ ಇರುವುದು ಇದರಿಂದಲೇ. ಅಲ್ಲಿ ಕಪಾಟಿನ ಮುಂದೆ ನಿಂತವರ ಕೈಯಲ್ಲಿ ನಿರ್ಧಾರ ಇದೆ.

ನಮ್ಮಲ್ಲಿ ದೊಡ್ಡ ಸೂಪರ್ ಮಾರ್ಕೆಟ್‌ಗಳಿಗೆ ಕೆಲಸಕ್ಕೆ ಸೇರುವ ಹಳ್ಳಿಯ ಹುಡುಗ ಹುಡುಗಿಯರನ್ನು ನೋಡಿ. ಹತ್ತು ಗಂಟೆ ನಿಲ್ಲುತ್ತಾರೆ. ಯಾವ ಗಿರಾಕಿಗೆ ಏನು ಬೇಕು ಅಂತ ಅವರಿಗೆ ಗೊತ್ತಿರುತ್ತದೆ, ಆದರೆ ಅವರನ್ನು ಯಾರೂ ಕೇಳುವುದಿಲ್ಲ. ಬೆಲೆ, ಜಾಗ, ಮಾಲು ಎಲ್ಲ ಮೇಲಿನಿಂದ ಬರುತ್ತದೆ. ಜಿಲ್ಲೆಯ ಸುದ್ದಿ ಬರೆಯುವ ನಮ್ಮಂಥ ಸ್ಟ್ರಿಂಗರ್‌ಗಳಿಗೂ ಇದು ಹೊಸದಲ್ಲ. ಹಾಗಂತ ಡೊಂಕಿಯನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ರಾತ್ರಿಯಿಡೀ ತೆರೆದಿರುವ ಅಂಗಡಿ ಅಂದರೆ ರಾತ್ರಿಯಿಡೀ ಯಾರೋ ನಿದ್ದೆಗೆಟ್ಟು ನಿಂತಿರುತ್ತಾರೆ. ಆದರೂ ಕೆಳಗೆ ನಿಂತವನ ಬುದ್ಧಿಯನ್ನು ನಂಬಿದರೆ ಒಂದು ಸಣ್ಣ ಅಂಗಡಿ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಅದು ಸಾಕ್ಷಿ. ಶಾಂಪೂ ಪೊಟ್ಟಣದ ಸರ ತೂಗುಹಾಕಿ, ಚಾವಣಿವರೆಗೆ ಮಾಲು ಜೋಡಿಸಿಟ್ಟ ನಮ್ಮ ಕಿರಾಣಿ ಅಂಗಡಿಯವರು "ನಮ್ಮದು ಹಳೇ ಕಾಲದ್ದು" ಅಂತ ತಲೆ ತಗ್ಗಿಸಬೇಕಾಗಿಲ್ಲ. ಬೆಂಕಿಯ ಮಾತನ್ನೊಂದು ನೆನಪಿಟ್ಟು ಓಡಾಡುವ ದಾರಿ ಬಿಟ್ಟರೆ ಸಾಕು.

ಮನೆಯಲ್ಲಿರುವ ನಮಗೆ

ಕೊನೆಯ ಮಾತು ಹೋಗುವವರಿಗಲ್ಲ, ಕಳಿಸುವವರಿಗೆ. ಡೊಂಕಿಯಲ್ಲಿ ನಮ್ಮವರು ಕೊಳ್ಳುವ ಸಾಮಾನಿನಲ್ಲಿ ಎಷ್ಟೋ ಅವರಿಗೆ ಬೇಕಾದ್ದಲ್ಲ, ನಮಗೆ ಬೇಕಾದ್ದು. "ಅತ್ತೆಗೆ ಒಂದು ಕ್ರೀಮು, ದೊಡ್ಡಪ್ಪನಿಗೆ ನೋವಿನ ಪಟ್ಟಿ, ಪಕ್ಕದ ಮನೆಯವರಿಗೆ ಚಾಕೊಲೇಟು, ತಮ್ಮನ ಗೆಳೆಯರಿಗೆ ಏನಾದರೂ" ಅಂತ ನಾವು ಕಳಿಸಿದ ಪಟ್ಟಿ ಮೊಬೈಲಿನಲ್ಲಿರುತ್ತದೆ. ಅದನ್ನು ಹಿಡಿದು ನಡುರಾತ್ರಿಯಲ್ಲಿ ಆ ಡೊಂಕು ದಾರಿಗಳಲ್ಲಿ ಹುಡುಕುತ್ತಾ ತಿರುಗುತ್ತಿರುತ್ತಾರೆ. ತಂದಿಲ್ಲದಿದ್ದರೆ "ಫಾರಿನ್‌ಗೆ ಹೋಗಿ ಏನೂ ತರಲಿಲ್ಲ" ಅನ್ನುವ ಮಾತು ಬರುತ್ತದೆ. ಆ ಮಾತಿನ ಹೆದರಿಕೆಗೆ ವಾರದ ಕೂಲಿಯೇ ಹೋಗುವುದುಂಟು.

ಹಾಗಾಗಿ ಪಟ್ಟಿ ಕಳಿಸಬೇಡಿ. ಕಳಿಸಲೇಬೇಕೆಂದರೆ ಒಂದು ಸಾಮಾನು ಹೇಳಿ, ದುಡ್ಡೂ ಕಳಿಸಿ. ಔಷಧಿಯನ್ನಂತೂ ಡಾಕ್ಟರನ್ನು ಕೇಳದೆ ತರಿಸಬೇಡಿ. ಹೋಗುವವರೂ ಅಷ್ಟೆ, ಮನೆಯಲ್ಲೇ ಕೂತು ನಾಲ್ಕೈದು ಸಾಮಾನು ಬರೆದುಕೊಳ್ಳಿ, ಮುಂದೆ ದುಡ್ಡು ಬರೆದುಕೊಳ್ಳಿ, ಅಷ್ಟನ್ನೇ ನಗದಾಗಿ ಬೇರೆ ಇಡಿ. ಆಮೇಲೆ ಅಂಗಡಿಗೆ ಹೋಗಿ ಮನಸಾರೆ ಸುತ್ತಿ. ನೋಡುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ನಮ್ಮ ಅಜ್ಜಿಯರು ಸೆರಗಿನ ತುದಿಗೆ ಇಷ್ಟೇ ಅಂತ ದುಡ್ಡು ಗಂಟು ಹಾಕಿಕೊಂಡು ಜಾತ್ರೆಗೆ ಹೋಗುತ್ತಿದ್ದರು. ಇಡೀ ಜಾತ್ರೆ ನೋಡಿ, ಬೇಕಾದ್ದನ್ನು ಮಾತ್ರ ತಂದು, ಬಂದು ಒಂದು ವಾರ ಅದರ ಕತೆ ಹೇಳುತ್ತಿದ್ದರು. ಹೋಗಿ ಬಂದವರಿಂದ ನಮಗೂ ಆ ಕತೆ ಸಿಕ್ಕರೆ ಸಾಕು.